ಖಡಕಿಯ ಕೆಸರು ಹುಡುಕಿಕೊಂಡು

ನವೆಂಬರ್‌ನಲ್ಲಿ ನಡೆದ ಕಾಳಗದ ಜಾಗವನ್ನು ಮೇ ತಿಂಗಳಲ್ಲಿ ಹುಡುಕಲು ಹೋಗಿದ್ದೆ. ನನ್ನ ಮೊದಲ ದಡ್ಡತನ ಅದು.

ಪುಣೆಯ ಖಡಕಿಯಲ್ಲಿ 1817ರ ನವೆಂಬರ್ 5ರಂದು ಪೇಶ್ವೆ ಎರಡನೇ ಬಾಜಿರಾಯನ ಸೇನೆಗೂ ಈಸ್ಟ್ ಇಂಡಿಯಾ ಕಂಪನಿಯ ಸೇನೆಗೂ ಕಾಳಗವಾಯಿತು. ಮರಾಠರ ಕಡೆ ಕುದುರೆ ಸವಾರರೇ ಸುಮಾರು 18,000. ಕಂಪನಿಯ ಕಡೆ ಎಲ್ಲ ಸೇರಿ 2,800 ಚಿಲ್ಲರೆ. ಬಾಜಿರಾಯ ದೂರದ ಪರ್ವತಿ ಗುಡ್ಡದ ಮೇಲಿಂದ ನೋಡುತ್ತಿದ್ದ. ಕಂಪನಿಯ ಎಡಗಡೆಯ ಒಂದು ಪಡೆ ಸಾಲು ಬಿಟ್ಟು ಮುಂದೆ ನುಗ್ಗಿಬಿಟ್ಟಿತು. ಇದೇ ಸಮಯ ಅಂತ ಪೇಶ್ವೆಯ ಸೇನಾಪತಿ ಬಾಪು ಗೋಖಲೆ ಸವಾರರನ್ನು ಅದರ ಮೇಲೆ ಬಿಟ್ಟ. ಆದರೆ ನಡುವೆ ಒಂದು ಹುದುಲು ಇತ್ತು. ಮುಂದಿನ ಕುದುರೆಗಳು ಅದರಲ್ಲಿ ಹೂತವು, ಹಿಂದಿನವು ಅವುಗಳ ಮೇಲೆ ಬಿದ್ದವು. ಆ ದಿನ ಅಲ್ಲೇ ಇದ್ದ ಗ್ರಾಂಟ್ ಡಫ್ ಎಂಬ ಅಧಿಕಾರಿ, ಆ ಹುದುಲು ಇದೆ ಅಂತ ಎರಡು ಕಡೆಯವರಿಗೂ ಗೊತ್ತಿರಲಿಲ್ಲ ಎಂದು ಆಮೇಲೆ ಬರೆದಿದ್ದಾನೆ.

ನನಗೆ ಬೇಕಾಗಿದ್ದು ಆ ಹುದುಲು. ಕತ್ತಿ, ಗುಂಡು, ನಾಣ್ಯ ಯಾವುದೂ ಅಲ್ಲ.

ನಾನು ಧಾರವಾಡದವನು. ಪುರಾತತ್ವ ಓದಲು ಡೆಕ್ಕನ್ ಕಾಲೇಜಿಗೆ ಬಂದವನು ಪುಣೆಯಲ್ಲೇ ಉಳಿದೆ. ಯುದ್ಧಭೂಮಿ ಅಂದರೆ ಜನ ಮೊದಲು ಕೇಳುವುದು, "ಏನಾದ್ರೂ ಸಿಕ್ತಾ?" ಅಂತ. ಸಿಗುವುದಕ್ಕಿಂತ ಎಲ್ಲಿ ಸಿಕ್ಕಿತು ಅನ್ನುವುದು ಮುಖ್ಯ ಅಂತ ಹೇಳಿದರೆ ಮುಖ ಸಪ್ಪಗಾಗುತ್ತದೆ. ಖಡಕಿ ಬಜಾರಿನಲ್ಲಿ ನಾನು ದಿನಾ ಕಾಫಿ ಕುಡಿಯುವ ಹೋಟೆಲಿನ ಶೆಟ್ರಿಗೂ ಹಾಗೇ ಆಯಿತು. ಕುಂದಾಪುರದವರು. ಒಂದು ದಿನ ಹಾರ್ಲಿಕ್ಸ್ ಡಬ್ಬಿ ತಂದು ಮೇಜಿನ ಮೇಲೆ ಸುರಿದರು. ಮೂರು ಗುಂಡುಗಳು. "ನೀವೇ ಕಾಣಿ ಮಾರಾಯ್ರೆ, ಇದ್ ಪೇಶ್ವೆ ಕಾಲದ್ದಾ?"

ಅಡುಗೆಮನೆಯ ತಕ್ಕಡಿಯಲ್ಲೇ ತೂಗಿದೆವು. ಒಂದು 32 ಗ್ರಾಂ ಹತ್ತಿರ ಬಂತು. ಆ ಕಾಲದ ಕಂಪನಿ ಸಿಪಾಯಿಯ ಬಂದೂಕಿಗೆ ಒಂದು ಪೌಂಡ್ ಸೀಸದಲ್ಲಿ 14 ಗುಂಡು ಎರಕ ಹೊಯ್ಯುತ್ತಿದ್ದರು. ಅಂದರೆ ಒಂದಕ್ಕೆ 32 ಗ್ರಾಂ ಚಿಲ್ಲರೆ, ಅಡ್ಡಳತೆ ಹದಿನೇಳೂವರೆ ಮಿಲಿಮೀಟರ್. ಗುಂಡು ಚಪ್ಪಟೆಯಾಗಿದ್ದರೂ ತೂಕ ಗೊತ್ತಾದರೆ ಬಂದೂಕಿನ ಅಳತೆ ಲೆಕ್ಕ ಹಾಕಬಹುದು. ಶೆಟ್ರ ಗುಂಡಿನ ಮೇಲೆ ಹಳೆಯ ಸೀಸಕ್ಕೆ ಬರುವ ಬಿಳಿ ಪೊರೆ ಇತ್ತು. ಪೂರ್ತಿ ದುಂಡಗೂ ಇತ್ತು. ಹಾರಿಸಿದ್ದಲ್ಲ, ಗಡಿಬಿಡಿಯಲ್ಲಿ ಯಾರದೋ ಕೈಯಿಂದ ಜಾರಿದ್ದು. ಇಂಥ ದುಂಡು ಗುಂಡುಗಳು ಒಂದೇ ಸಾಲಿನಲ್ಲಿ ಸಿಕ್ಕರೆ ಸಿಪಾಯಿಗಳು ಅಲ್ಲಿ ನಿಂತಿದ್ದರು ಅಂತ ಅರ್ಥ. ಚಪ್ಪಟೆಯಾದವು ಸಿಕ್ಕಲ್ಲಿ ಎದುರಿಗಿದ್ದವರು ಇದ್ದರು. ಉಳಿದ ಎರಡಕ್ಕೆ ತಾಮ್ರದ ಹೊದಿಕೆ ಇತ್ತು. ಅವು ತೀರಾ ಈಚಿನವು.

"ಎಲ್ಲಿ ಸಿಕ್ಕಿದ್ದು?" ಅಂತ ಕೇಳಿದೆ. ಯಾರೋ ಗಿರಾಕಿ ಕೊಟ್ಟದ್ದಂತೆ. ಅಲ್ಲಿಗೆ ಮುಗಿಯಿತು. ಜಾಗ ಗೊತ್ತಿಲ್ಲದ ಗುಂಡು ಬರೀ ಸೀಸ. ಸಾಲದ್ದಕ್ಕೆ 1878ರ ನಿಧಿ ಕಾಯ್ದೆಯ ಪ್ರಕಾರ ಮಣ್ಣಿನಲ್ಲಿ ಹುದುಗಿದ್ದ ವಸ್ತು ಹತ್ತು ರೂಪಾಯಿಗಿಂತ ಜಾಸ್ತಿ ಬೆಲೆಯದ್ದಾದರೆ ಸಿಕ್ಕವರು ಕಲೆಕ್ಟರಿಗೆ ತಿಳಿಸಬೇಕು ಅಂದೆ. ಶೆಟ್ರು ಡಬ್ಬಿ ಮುಚ್ಚಿ ಒಳಗೆ ಹೋದರು.

ಖಡಕಿಯಲ್ಲಿ ಲೋಹ ಹುಡುಕುವುದು ಹೇಗೂ ತಲೆನೋವು. ಇದು ದಂಡು ಪ್ರದೇಶ, 1869ರಿಂದ ಮದ್ದುಗುಂಡಿನ ಕಾರ್ಖಾನೆ ಇದೆ, ಪಕ್ಕದ ಬಡಾವಣೆಯ ಹೆಸರೇ ರೇಂಜ್ ಹಿಲ್ಸ್. ಇಲ್ಲಿ ಬುಲೆಟ್ ಸಿಗದಿದ್ದರೇ ಆಶ್ಚರ್ಯ. ಇನ್ನು ಈ ಕರಿಕಲ್ಲಿನಲ್ಲಿ ಕಬ್ಬಿಣದ ಅಂಶ ಜಾಸ್ತಿ. ಊರಾಚೆ ಗೆಳೆಯನೊಬ್ಬನ ಹೊಲದಲ್ಲಿ ಮೆಟಲ್ ಡಿಟೆಕ್ಟರ್ ಪರೀಕ್ಷೆ ಮಾಡಿದ್ದೆ. ಸುಮ್ನೆ ಬಿದ್ದಿದ್ದ ಕಲ್ಲಿಗೂ ಕಿರುಚಿತು. ಎರೆ ಮಣ್ಣಿನದು ಬೇರೆಯೇ ಕಾಟ. ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಮೇಲಿನದು ಕೆಳಗೆ ಜಾರುತ್ತದೆ, ಮಳೆಗೆ ಉಬ್ಬಿ ಮುಚ್ಚಿಕೊಳ್ಳುತ್ತದೆ. ಇನ್ನೂರು ವರ್ಷ ಹೀಗೆ ನುಂಗಿ ಉಗುಳಿದ ಮೇಲೆ ಯಾವುದು ಯಾವ ಆಳದಲ್ಲಿದ್ದರೆ ಏನು ಅರ್ಥ?

ದಾರಿ ತೋರಿಸಿದ್ದು ಇಂಗ್ಲೆಂಡಿನ ಬಾಸ್ವರ್ತ್. 1485ರಲ್ಲಿ ಮೂರನೇ ರಿಚರ್ಡ್ ಸತ್ತ ಕಾಳಗ. ಹಳೆಯ ಬರಹಗಳಲ್ಲಿ ಅಲ್ಲೊಂದು ಜವುಗು ನೆಲದ ಮಾತಿದೆ. ಆದ್ದರಿಂದ ಪುರಾತತ್ವಜ್ಞ ಗ್ಲೆನ್ ಫೋರ್ಡ್ ಅವರ ತಂಡ ಮಣ್ಣು ಪರೀಕ್ಷೆ ಮಾಡಿ, ಆ ಕಾಲದಲ್ಲಿ ಜವುಗು ಎಲ್ಲೆಲ್ಲಿ ಇತ್ತು ಅಂತಲೂ ಹುಡುಕಿತು. 2009ರಲ್ಲಿ ಸೀಸದ ಗುಂಡುಗಳು ಸಿಕ್ಕವು. ಎಲ್ಲರೂ ನಂಬಿದ್ದ ಗುಡ್ಡದಿಂದ ಸುಮಾರು ಮೂರು ಕಿಲೋಮೀಟರ್ ಆಚೆ! ಸ್ಮಾರಕ ಒಂದು ಕಡೆ, ಯುದ್ಧ ಇನ್ನೊಂದು ಕಡೆ.

ನಾನೂ ಹಾಗೇ ಮಾಡೋಣ ಅಂತ ಹಳೆಯ ನಕ್ಷೆಯನ್ನು ಉಪಗ್ರಹ ಚಿತ್ರದ ಮೇಲೆ ಕೂರಿಸಿದೆ. ಜಗ್ಗದ ಗುರುತುಗಳು ನಾಲ್ಕು: ಮುಳಾ ನದಿಯ ತಿರುವು, ಖಡಕಿ ಹಳ್ಳಿ, ಗಣೇಶಖಿಂಡದ ಕಣಿವೆ, ಪರ್ವತಿ. ಹಳ್ಳಕೊಳ್ಳಗಳ ಗೆರೆ ಎಳೆದು, ನೀರು ನಿಲ್ಲಬಹುದಾದ ತಗ್ಗುಗಳನ್ನು ಗುರುತು ಮಾಡಿದೆ. ಆರು ಸಿಕ್ಕವು. ಮೇ ತಿಂಗಳಲ್ಲಿ ಆರನ್ನೂ ಸುತ್ತಿದೆ. ಎಲ್ಲ ಕಡೆ ಬಿರುಕು ಬಿಟ್ಟ ನೆಲ, ಪ್ಲಾಸ್ಟಿಕ್ಕು, ನಾಯಿಗಳು.

ಮತ್ತೆ ಹೋದದ್ದು ನವೆಂಬರ್ ಮೊದಲ ವಾರ. ಮಳೆ ನಿಂತು ಕೆಲವೇ ವಾರಗಳಾಗಿದ್ದವು. ಒಂದು ತಗ್ಗಿನ ಅಂಚಿನಲ್ಲಿ ಕಟ್ಟಡದ ಪಾಯ ತೋಡುತ್ತಿದ್ದರು. ಕೆಲಸದವರು ಯಾದಗಿರಿ ಕಡೆಯವರು, ಮಾತು ಕೇಳಿಯೇ ಗೊತ್ತಾಯಿತು. ಹತ್ತಿರ ಹೋಗಿ ಮಾತಾಡಿಸಿದೆ. ಹಿರಿಯರೊಬ್ಬರು ಗುಂಡಿ ತೋರಿಸಿದರು.

"ಏಸು ತೋಡಿದ್ರೂ ನೀರು ಬರ್ತದ್ರೀ ಸರ. ಮ್ಯಾಲ ಎರಿ, ಕೆಳಗ ಕರಿಕಲ್ಲು. ನೀರು ಎಲ್ಲಿಗಿ ಹೋಗ್ಬೇಕ್ರೀ?"

ನಾನು ತಿಂಗಳುಗಟ್ಟಲೆ ನಕ್ಷೆಯಲ್ಲಿ ಹುಡುಕಿದ್ದನ್ನು ಅವರು ಒಂದೇ ಮಾತಿನಲ್ಲಿ ಹೇಳಿದರು. ಗುಂಡಿಯ ಗೋಡೆಯಲ್ಲಿ ಅದು ಕಾಣುತ್ತಲೂ ಇತ್ತು. ಮೇಲೆ ಒಂದಡಿ ತುಂಬಿಸಿದ ಕಸಮಣ್ಣು. ಅದರ ಕೆಳಗೆ ಆಳುದ್ದ ಕಪ್ಪು ಜಿಗಟು. ಜಿಗಟಿನ ತಳದಲ್ಲಿ ಬೂದು ಬಣ್ಣದ ಪಟ್ಟಿ, ನಡುನಡುವೆ ತುಕ್ಕಿನ ಚುಕ್ಕೆ. ವರ್ಷದಲ್ಲಿ ಅರ್ಧ ಕಾಲ ನೀರು ನಿಂತು ಗಾಳಿಯಾಡದ ಮಣ್ಣು ಹಾಗೆ ಬಣ್ಣ ಕಳೆದುಕೊಳ್ಳುತ್ತದೆ. ನಿನ್ನೆ ಮೊನ್ನೆ ಪೈಪು ಒಡೆದು ಬಂದ ನೀರಿನಿಂದ ಆಗುವಂಥದ್ದಲ್ಲ.

ಪಕ್ಕದ ಖಾಲಿ ಜಾಗದಲ್ಲಿ ಇನ್ನೊಂದು ಕೆಲಸ ಮಾಡಿದೆ. ಕುದುರೆಯ ಮೇಲೆ ಕೂತವನ ಕಣ್ಣು ನೆಲದಿಂದ ಸುಮಾರು ಎಂಟು ಅಡಿ ಎತ್ತರದಲ್ಲಿರುತ್ತದೆ. ಎಂಟಡಿ ಬಿದಿರಿನ ತುದಿಗೆ ಮೊಬೈಲ್ ಕಟ್ಟಿ, ಗಣೇಶಖಿಂಡದ ಕಡೆಯಿಂದ ತಗ್ಗಿನತ್ತ ನಡೆಯುತ್ತ ವಿಡಿಯೋ ತೆಗೆದೆ. ಕೆಲಸದ ಹುಡುಗರು ಬಿದ್ದು ಬಿದ್ದು ನಕ್ಕರು. ಸಂಜೆ ಹೋಟೆಲಿನಲ್ಲಿ ಕೂತು ನೋಡಿದೆ. ಇಪ್ಪತ್ತು ಹೆಜ್ಜೆ ಹತ್ತಿರ ಬರುವ ತನಕ ತಗ್ಗು ಕಾಣುವುದೇ ಇಲ್ಲ. ಸುತ್ತಲಿನ ಹುಲ್ಲಿಗಿಂತ ತುಸು ಹಸಿರು, ಅಷ್ಟೇ. ಓಡುವ ಕುದುರೆಗೆ ಇಪ್ಪತ್ತು ಹೆಜ್ಜೆ ಅಂದರೆ ಎಷ್ಟು ಹೊತ್ತು? ಹಿಂದೆ ಸಾವಿರಾರು ಕುದುರೆ ಒತ್ತುತ್ತಿರುವಾಗ ಲಗಾಮು ಎಳೆದೂ ಏನು ಪ್ರಯೋಜನ?

ಕುದುರೆಗಳು ಹೂತದ್ದು ಇದೇ ತಗ್ಗಿನಲ್ಲಿ ಅಂತ ನಾನು ಆಣೆ ಮಾಡುವುದಿಲ್ಲ. ಆರರಲ್ಲಿ ನಾಲ್ಕನ್ನು ಹೊಡೆದು ಹಾಕಿದ್ದೇನೆ. ಉಳಿದ ಇನ್ನೊಂದರ ಸುತ್ತ ಬೇಲಿ ಇದೆ, ಒಳಗೆ ಬಿಡುವುದಿಲ್ಲ. ಅದನ್ನು ನೋಡುವ ತನಕ ನನ್ನ ನಕ್ಷೆಯಲ್ಲಿ ಎರಡೂ ಕಡೆ ಪೆನ್ಸಿಲ್ ಗುರುತೇ ಇರುತ್ತದೆ.

ಪಾಯದ ಗುಂಡಿಗೆ ಈಗ ಕಾಂಕ್ರೀಟ್ ಬಿದ್ದಿದೆ. ಮೊನ್ನೆ ಆ ಕಡೆ ಹೋದಾಗ ನೀರು ಎತ್ತುವ ಪಂಪು ಇನ್ನೂ ಓಡುತ್ತಿತ್ತು.