ಊಹೆ ಮೊದಲು, ಹೆಸರು ಕೊನೆಗೆ: ನನ್ನ ವಿಜ್ಞಾನ ಪಾಠಗಳ ತಯಾರಿ

ನಾನು ಹಾಸನ ಜಿಲ್ಲೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಆರರಿಂದ ಎಂಟನೇ ತರಗತಿವರೆಗೆ ವಿಜ್ಞಾನ ಕಲಿಸುತ್ತೇನೆ. ಪಾಠಯೋಜನೆ ಬರೆಯುವುದು ಶಿಕ್ಷಕರಿಗೆಲ್ಲ ಗೊತ್ತಿರುವ ಕೆಲಸ. ಪಾಠವನ್ನು ಐದು ಹಂತಗಳಲ್ಲಿ ನಡೆಸುವ 5ಇ ಮಾದರಿ, ಕಲಿಕಾ ಫಲ, ಮೌಲ್ಯಮಾಪನ, ಕೊನೆಗೆ ಮುಖ್ಯ ಶಿಕ್ಷಕರ ಸಹಿ. ಆ ಪುಸ್ತಕವನ್ನು ನಾನೂ ಬರೆಯುತ್ತೇನೆ. ಆದರೆ ತರಗತಿಗೆ ಹೋಗುವಾಗ ನನ್ನ ಕೈಯಲ್ಲಿ ಇರುವುದು ಇನ್ನೊಂದು ಸಣ್ಣ ನೋಟ್‌ಬುಕ್. ಅದರಲ್ಲಿ ಒಂದು ಪಾಠಕ್ಕೆ ಒಂದು ಪುಟ. ಮೇಲೆ ಒಂದೇ ಒಂದು ಪ್ರಶ್ನೆ. ಕೆಳಗೆ, ಆ ಪ್ರಶ್ನೆಗೆ ಮಕ್ಕಳು ಏನೇನು ಉತ್ತರ ಹೇಳಬಹುದು ಅನ್ನುವ ಪಟ್ಟಿ. ಆಮೇಲೆ ಬೇಕಾದ ಸಾಮಾನು. ಪಾರಿಭಾಷಿಕ ಪದಗಳೆಲ್ಲ ಪುಟದ ಕೊನೆಯ ಸಾಲಿನಲ್ಲಿ.

ಈ ಕ್ರಮವನ್ನು ನಾನು ಬಿಡುವುದಿಲ್ಲ. ಮಕ್ಕಳು ಮೊದಲು ಊಹೆ ಮಾಡಬೇಕು, ಆಮೇಲೆ ಕೈಯಾರೆ ಮಾಡಿ ನೋಡಬೇಕು. ಅದಾದ ಮೇಲೆ ನಾನು ಹೆಸರು ಹೇಳುತ್ತೇನೆ. ಹೆಸರು ಮೊದಲೇ ಬಂದರೆ ಮಕ್ಕಳು ಅದನ್ನು ಬರೆದುಕೊಂಡು, ಬಾಯಿಪಾಠ ಮಾಡಿ, ಪಾಠ ಮುಗಿಯಿತು ಅಂದುಕೊಳ್ಳುತ್ತಾರೆ. ಊಹೆ ಮಾಡಿದ ಮಗು ಸುಮ್ನೆ ಕೂರುವುದಿಲ್ಲ. ತಾನು ಹೇಳಿದ್ದು ಸರಿಯೋ ಅಲ್ಲವೋ ಅಂತ ನೋಡಲೇಬೇಕು ಅದಕ್ಕೆ.

ಪ್ರಶ್ನೆ ಆರಿಸುವುದರಲ್ಲೇ ಅರ್ಧ ಕೆಲಸ ಇದೆ. "ಆಮ್ಲ ಎಂದರೇನು?" ಅಂತ ಕೇಳಿದರೆ ಮೊದಲೇ ಓದಿಕೊಂಡು ಬಂದ ಇಬ್ಬರು ಕೈ ಎತ್ತುತ್ತಾರೆ, ಉಳಿದವರು ತಲೆ ತಗ್ಗಿಸುತ್ತಾರೆ. ನನಗೆ ಬೇಕಾದ ಪ್ರಶ್ನೆಗೆ ಪ್ರತಿ ಮಗುವಿನ ಹತ್ತಿರವೂ ಏನಾದರೂ ಉತ್ತರ ಇರಬೇಕು. ಆ ಉತ್ತರಗಳು ಒಂದಕ್ಕೊಂದು ಹೊಂದಬಾರದು. ಯಾವುದು ಸರಿ ಅಂತ ತೀರ್ಮಾನಿಸಲು ಬೇಕಾದ ಸಾಮಾನು ನಮ್ಮ ಊರಿನಲ್ಲೇ ಸಿಗಬೇಕು.

ಏಳನೇ ತರಗತಿಯ ಆಮ್ಲ, ಪ್ರತ್ಯಾಮ್ಲ ಪಾಠವನ್ನೇ ನೋಡಿ. ಒಂದು ಬಿಳಿ ಬಟ್ಟೆಯ ತುಂಡಿಗೆ ಅರಿಶಿನ ಹಚ್ಚಿ ಒಣಗಿಸಿ ತರುತ್ತೇನೆ. "ಇದಕ್ಕೆ ಸೋಪು ಉಜ್ಜಿದರೆ ಏನಾಗುತ್ತೆ?" ಅಂತ ಕೇಳುತ್ತೇನೆ. ಕಲೆ ಹೋಗುತ್ತೆ ಅನ್ನುವವರು ಇರುತ್ತಾರೆ. ಹೋಗಲ್ಲ, ಇನ್ನೂ ಗಟ್ಟಿಯಾಗುತ್ತೆ ಅನ್ನುವವರೂ ಇರುತ್ತಾರೆ. ಮನೆಯಲ್ಲಿ ಬಟ್ಟೆ ಒಗೆಯುವುದನ್ನು ನೋಡಿದ ಯಾರಾದರೂ, "ಕೆಂಪಾಗುತ್ತೆ ಮಿಸ್, ನಮ್ಮಮ್ಮ ಒಗೆಯುವಾಗ ನೋಡಿದ್ದೀನಿ" ಅನ್ನುತ್ತಾರೆ. ಎಲ್ಲರೂ ತಮ್ಮ ಊಹೆಯನ್ನು ಪೆನ್ನಿನಲ್ಲಿ ಬರೆಯಬೇಕು, ಆಮೇಲೆ ಅಳಿಸುವಂತಿಲ್ಲ. ಇದೊಂದು ನಿಯಮ ನನ್ನ ತರಗತಿಯಲ್ಲಿ ಕಟ್ಟುನಿಟ್ಟು. ತಪ್ಪು ಊಹೆಗೆ ಅಂಕ ಕಡಿಮೆ ಇಲ್ಲ ಅಂತ ಮೊದಲೇ ಹೇಳಿರುತ್ತೇನೆ.

ಒದ್ದೆ ಮಾಡಿ ಸೋಪು ಉಜ್ಜುತ್ತಿದ್ದಂತೆ ಹಳದಿ ಕಲೆ ಇಟ್ಟಿಗೆ ಕೆಂಪಾಗುತ್ತದೆ. ಗಲಾಟೆ ಶುರುವಾಗುತ್ತದೆ. ಆಗ ಎರಡನೇ ಪ್ರಶ್ನೆ: "ಈಗ ಬರೀ ನೀರಿನಲ್ಲಿ ತೊಳೆದರೆ?" ಚೆನ್ನಾಗಿ ಜಾಲಿಸಿದರೆ ಸೋಪು ಹೋಗುತ್ತದೆ, ಕಲೆ ಮತ್ತೆ ಹಳದಿಗೆ ತಿರುಗುತ್ತದೆ. ಇದನ್ನು ಹೆಚ್ಚು ಮಕ್ಕಳು ಊಹಿಸಿರುವುದಿಲ್ಲ. ಬಣ್ಣ ಹೋಗಿ ಮತ್ತೆ ಬಂತು ಅಂದರೆ ಅರಿಶಿನ ಹಾಳಾಗಿಲ್ಲ, ಅದು ಯಾವುದಕ್ಕೋ ಪ್ರತಿಕ್ರಿಯೆ ತೋರಿಸುತ್ತಿದೆ ಅನ್ನುವ ಮಾತು ಅವರ ಬಾಯಿಂದಲೇ ಬರುತ್ತದೆ. ಆಗ "ಸೂಚಕ" (ಬಣ್ಣ ಬದಲಿಸಿ ಆಮ್ಲವೋ ಪ್ರತ್ಯಾಮ್ಲವೋ ಅಂತ ತೋರಿಸುವ ವಸ್ತು) ಅನ್ನುವ ಪದ ಹೇಳಿದರೆ ಅದು ಮನಸ್ಸಿನಲ್ಲಿ ಉಳಿಯುತ್ತದೆ.

ಅವತ್ತಿನ ಮನೆಗೆಲಸ: ಮದುವೆಯಲ್ಲಿ ಎತ್ತುವ ಆರತಿಯ ಕೆಂಪು ನೀರಿಗೆ ಏನು ಹಾಕುತ್ತಾರೆ ಅಂತ ಮನೆಯ ಅಜ್ಜಿಯನ್ನು ಕೇಳಿ ಬರಬೇಕು. ಮಾರನೇ ದಿನ ತರಗತಿ ತುಂಬಾ "ಅರಿಶಿನ, ಸುಣ್ಣ!" ಆ ನೀರನ್ನು ಗಾಜಿನ ಲೋಟದಲ್ಲಿ ಮಾಡಿ ತೋರಿಸಿ, ಇದಕ್ಕೆ ನಿಂಬೆರಸ ಹಿಂಡಿದರೆ ಏನಾಗಬಹುದು ಅಂತ ಕೇಳುತ್ತೇನೆ. ಹನಿ ಬಿದ್ದ ಜಾಗದಲ್ಲಿ ಹಳದಿ ಮೂಡುತ್ತದೆ, ಅಲ್ಲಾಡಿಸಿದರೆ ಮಾಯವಾಗಿ ಮತ್ತೆ ಕೆಂಪು. ಹನಿ ಹಾಕುತ್ತಾ ಹೋದರೆ ಒಂದು ಹಂತದಲ್ಲಿ ಇಡೀ ಲೋಟ ಹಳದಿಯಾಗುತ್ತದೆ. ಎಷ್ಟನೇ ಹನಿಗೆ ಅಂತ ಪ್ರತಿ ಗುಂಪೂ ಎಣಿಸುತ್ತದೆ. ಸುಣ್ಣ ಜಾಸ್ತಿ ಇದ್ದ ಲೋಟಕ್ಕೆ ಹನಿಯೂ ಜಾಸ್ತಿ ಬೇಕು. ನಿಂಬೆಯ ಆಮ್ಲ, ಸುಣ್ಣದ ಪ್ರತ್ಯಾಮ್ಲ ಒಂದರ ಗುಣವನ್ನು ಇನ್ನೊಂದು ಕಳೆಯುವುದಕ್ಕೆ ತಟಸ್ಥೀಕರಣ ಅನ್ನುವ ಪದ ಬರುವುದು ಇದಾದ ಮೇಲೆ. ಸುಣ್ಣದ ಬಗ್ಗೆ ಒಂದು ಎಚ್ಚರಿಕೆ. ಅದು ಕಣ್ಣಿಗೆ ಬಿದ್ದರೆ ದೊಡ್ಡ ಅಪಾಯ. ಸುಣ್ಣ ಕಲಸಿ, ತಿಳಿ ಬಸಿಯುವುದು ನಾನೇ. ಮಕ್ಕಳ ಕೈಗೆ ತಿಳಿನೀರು ಮಾತ್ರ. ಯಾವುದನ್ನೂ ರುಚಿ ನೋಡುವಂತಿಲ್ಲ, ನಿಂಬೆರಸವನ್ನೂ.

ಅರಿಶಿನದ ಪಾಠದಲ್ಲಿ ನನಗೆ ತುಂಬಾ ಇಷ್ಟವಾದ ಜಾಗ ಇದಾದ ನಂತರ ಬರುತ್ತದೆ. ಅರಿಶಿನದ ಪಟ್ಟಿಗೆ ನಿಂಬೆರಸ ಹಾಕಿದರೂ ಹಳದಿ, ಸಕ್ಕರೆ ನೀರು ಹಾಕಿದರೂ ಹಳದಿ. "ಹಾಗಾದ್ರೆ ಎರಡೂ ಒಂದೇನಾ?" ಒಂದೇ ಅಲ್ಲ ಅಂತ ಎಲ್ಲರಿಗೂ ಗೊತ್ತು. ಆದರೆ ಅರಿಶಿನಕ್ಕೆ ಆ ವ್ಯತ್ಯಾಸ ತೋರಿಸಲು ಆಗುವುದಿಲ್ಲ. ಬೇರೆ ಸೂಚಕ ಬೇಕು ಅನ್ನುವ ಅಗತ್ಯ ಮಕ್ಕಳಿಗೇ ಕಂಡಾಗ ದಾಸವಾಳ ತರಗತಿಗೆ ಬರುತ್ತದೆ. ಕೆಂಪು ದಾಸವಾಳದ ಎಸಳಿಗೆ ಬಿಸಿನೀರು ಸುರಿದು ಸ್ವಲ್ಪ ಹೊತ್ತು ಬಿಟ್ಟರೆ ಬಣ್ಣ ಇಳಿಯುತ್ತದೆ. ನಿಂಬೆರಸಕ್ಕೆ ಅದು ಕಡು ಗುಲಾಬಿ, ಸೋಪಿನ ನೀರಿಗೆ ಹಸಿರು, ಸಕ್ಕರೆ ನೀರಿಗೆ ಹೇಳಿಕೊಳ್ಳುವಂಥ ಬದಲಾವಣೆ ಇಲ್ಲ. ಇದನ್ನು ಅವತ್ತೇ ಮಾಡಿ ಅವತ್ತೇ ಬಳಸಬೇಕು, ಇಟ್ಟರೆ ಬಣ್ಣ ಕೆಡುತ್ತದೆ.

ಯಾವ ಪ್ರಯೋಗವನ್ನೂ ಮನೆಯಲ್ಲಿ ಮಾಡಿ ನೋಡದೆ ತರಗತಿಗೆ ಒಯ್ಯುವುದಿಲ್ಲ. ಅದೂ ಮಕ್ಕಳಿಗೆ ಕೊಡುವ ಅದೇ ಸಾಮಾನಿನಲ್ಲಿ. ಬಟ್ಟೆ ಒಗೆಯುವ ಸೋಪಿಗೆ ಅರಿಶಿನ ಚೆನ್ನಾಗಿ ಕೆಂಪಾಗುತ್ತದೆ. ಪಾತ್ರೆ ತೊಳೆಯುವ ಕೆಲವು ದ್ರವಗಳಿಗೆ ಆಗುವುದೇ ಇಲ್ಲ, ಅವು ಹೆಚ್ಚುಕಡಿಮೆ ತಟಸ್ಥ. ಅಡುಗೆ ಸೋಡಾಕ್ಕೆ ಮಾಸಲು ಬಣ್ಣ. ಇವೆಲ್ಲ ಮೊದಲೇ ಗೊತ್ತಿದ್ದರೆ ಯಾವುದನ್ನು ಮೊದಲ ದಿನ ಕೊಡಬೇಕು, ಯಾವುದನ್ನು ಚರ್ಚೆಗೆ ಉಳಿಸಿಕೊಳ್ಳಬೇಕು ಅಂತ ತೀರ್ಮಾನಿಸಬಹುದು. 40 ನಿಮಿಷದ ಪಿರಿಯಡ್‌ನಲ್ಲಿ ಸಾಮಾನು ಹಂಚಲು, ವಾಪಸ್ ತೊಳೆದಿಡಲು ಹತ್ತು ನಿಮಿಷ ಹೋಗೇ ಹೋಗುತ್ತದೆ. ಅದನ್ನು ಲೆಕ್ಕಕ್ಕೆ ಹಿಡಿಯದ ಯೋಜನೆ ಕಾಗದದ ಮೇಲೆ ಮಾತ್ರ ಚೆನ್ನ.

ಗುಂಪಿನ ಕೆಲಸದಲ್ಲಿ ಒಂದು ವಿಷಯವನ್ನು ನಾನು ಕಣ್ಣಿಟ್ಟು ನೋಡುತ್ತೇನೆ. ಸುಮ್ನೆ ಬಿಟ್ಟರೆ ಸಾಮಾನು ಹುಡುಗರ ಕೈಗೆ ಹೋಗುತ್ತದೆ, ನೋಟ್‌ಬುಕ್ಕು ಹುಡುಗಿಯರ ಕೈಗೆ. ಬರವಣಿಗೆ ಚೆನ್ನಾಗಿದೆ ಅನ್ನುವ ಕಾರಣ ಬೇರೆ! ಹಾಗಾಗಿ ನಾಲ್ವರ ಗುಂಪಿನಲ್ಲಿ ಮಾಡುವವರು, ಬರೆಯುವವರು, ಸಾಮಾನು ತರುವವರು, ಹೇಳುವವರು ಯಾರು ಅಂತ ಗೋಡೆಯ ಮೇಲೆ ಚೀಟಿ ಅಂಟಿಸಿರುತ್ತೇನೆ. ಪ್ರತಿ ಪ್ರಯೋಗಕ್ಕೂ ಅದು ಬದಲಾಗುತ್ತದೆ. ಸೋಲ್ಡರ್ ಮಾಡದೆ ತಂತಿ ಸುತ್ತಿ ಎಲ್‌ಇಡಿ ಹೊತ್ತಿಸುವ ಕೆಲಸದಲ್ಲಿ ನಮ್ಮ ಆರನೇ ತರಗತಿಯ ಹುಡುಗಿಯರು ಎಷ್ಟು ಚುರುಕು ಅಂತ ಗೊತ್ತಾಗಿದ್ದು ಈ ಚೀಟಿಯಿಂದಲೇ.

ಪ್ರಶ್ನೆ ಕೇಳಿದ ಮೇಲೆ ಸುಮ್ಮನಿರುವುದೂ ನನ್ನ ಯೋಜನೆಯಲ್ಲಿ ಇರುತ್ತದೆ. ಅಮೆರಿಕದ ಮೇರಿ ಬಡ್ ರೋ ಎಂಬ ಶಿಕ್ಷಣ ಸಂಶೋಧಕಿ 1970ರ ದಶಕದಲ್ಲಿ ವಿಜ್ಞಾನ ತರಗತಿಗಳನ್ನು ಧ್ವನಿಮುದ್ರಿಸಿ ಇದನ್ನು ಅಳೆದಿದ್ದರು. ಶಿಕ್ಷಕರು ಪ್ರಶ್ನೆ ಕೇಳಿ ಕಾಯುತ್ತಿದ್ದುದು ಸರಾಸರಿ ಒಂದು ಸೆಕೆಂಡ್ ಮಾತ್ರ. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು, ಮಾತಾಡದ ಮಕ್ಕಳೂ ಮಾತಾಡಿದರು. ಪುಟದಲ್ಲಿ ಅಲ್ಲಲ್ಲಿ "ಕಾಯಿ" ಅಂತ ಬರೆದುಕೊಂಡಿರುತ್ತೇನೆ. ಮೂರು ಸೆಕೆಂಡ್ ಕೇಳಲು ಸಣ್ಣದು, ಮೂವತ್ತು ಮಕ್ಕಳ ಮುಂದೆ ನಿಂತಾಗ ತುಂಬಾ ದೊಡ್ಡದು.

ಎಲ್ಲ ಪಾಠಕ್ಕೂ ಪ್ರಯೋಗ ಬೇಕು ಅಂತೇನಿಲ್ಲ. ಸಸ್ಯಗಳ ಪೋಷಣೆಯ ಪಾಠಕ್ಕೆ ನನ್ನ ಪ್ರಶ್ನೆ: "ನಮ್ಮೂರಿನ ಒಂದು ತೆಂಗಿನಮರ ಇಷ್ಟು ಭಾರ ಇದೆಯಲ್ಲ, ಆ ತೂಕ ಎಲ್ಲಿಂದ ಬಂತು?" ಮಣ್ಣಿನಿಂದ, ಗೊಬ್ಬರದಿಂದ ಅಂತ ಹೆಚ್ಚಿನವರು. ಆಗ ಯುರೋಪಿನ ವಿಜ್ಞಾನಿ ವಾನ್ ಹೆಲ್ಮಾಂಟ್ ಕಥೆ ಹೇಳುತ್ತೇನೆ. 17ನೇ ಶತಮಾನದಲ್ಲಿ ಆತ ಸುಮಾರು 90 ಕೆ.ಜಿ. ಒಣ ಮಣ್ಣು ತುಂಬಿದ ಕುಂಡದಲ್ಲಿ ಒಂದು ವಿಲೋ ಸಸಿ ನೆಟ್ಟು, ಐದು ವರ್ಷ ನೀರು ಮಾತ್ರ ಹಾಕಿದ. ಸಸಿಯ ತೂಕ ಎರಡು ಚಿಲ್ಲರೆ ಕೆ.ಜಿ.ಯಿಂದ 75 ಕೆ.ಜಿ. ದಾಟಿತು. ಮಣ್ಣು ಕಡಿಮೆಯಾಗಿದ್ದು ಐವತ್ತು ಅರವತ್ತು ಗ್ರಾಂ. ಈ ಅಂಕಿಗಳನ್ನು ಬೋರ್ಡಿನ ಮೇಲೆ ಬರೆದು ಕಾಯುತ್ತೇನೆ. "ಹಾಗಾದ್ರೆ ನೀರಿನಿಂದ!" ಅನ್ನುತ್ತಾರೆ. ಹೆಲ್ಮಾಂಟ್ ಕೂಡ ಹಾಗೇ ಅಂದುಕೊಂಡಿದ್ದ, ಆದರೆ ಅದು ಅರ್ಧ ಉತ್ತರ ಅಂದಾಗ ಮಕ್ಕಳ ಮುಖ ಅರಳುತ್ತದೆ. ದೊಡ್ಡ ವಿಜ್ಞಾನಿಯೂ ತಮ್ಮ ಹಾಗೇ ಯೋಚಿಸಿದ್ದ ಅಲ್ವಾ! ಮರದ ಒಣ ತೂಕದ ದೊಡ್ಡ ಪಾಲು ಗಾಳಿಯ ಇಂಗಾಲದ ಡೈಆಕ್ಸೈಡ್‌ನಿಂದ ಬಂದದ್ದು ಅನ್ನುವುದನ್ನು ನಂಬಲು ಅವರಿಗೆ ಇನ್ನೆರಡು ಪಿರಿಯಡ್ ಬೇಕಾಗುತ್ತದೆ. ಬೇಕಾಗಲಿ.

ಸಿಲಬಸ್ ಮುಗಿಯುತ್ತಾ ಅಂತ ಸಹೋದ್ಯೋಗಿಗಳು ಕೇಳುತ್ತಾರೆ. ಮುಗಿಯುತ್ತದೆ. ಒಂದು ಘಟಕಕ್ಕೆ ಇಂಥ ಪ್ರಶ್ನೆ ಒಂದೋ ಎರಡೋ ಸಾಕು. ಆ ಪ್ರಶ್ನೆ ಗಟ್ಟಿಯಾಗಿ ಕೂತರೆ ಪಾಠದ ಉಳಿದ ಭಾಗವನ್ನು ಮಕ್ಕಳು ಓದಿಯೇ ಅರ್ಥ ಮಾಡಿಕೊಳ್ಳುತ್ತಾರೆ. ವಿಡಿಯೊ ತೋರಿಸುವುದಿದ್ದರೆ ಪ್ರಯೋಗದ ನಂತರ. ಮೊದಲೇ ತೋರಿಸಿದರೆ ಊಹಿಸಲು ಏನೂ ಉಳಿಯುವುದಿಲ್ಲ.

ವರ್ಷದಲ್ಲಿ ನಾನು ಜಾಸ್ತಿ ಸಮಯ ಕೊಡುವುದು ನೆರಳಿನ ಪಾಠಕ್ಕೆ. ಶಾಲೆಯ ಅಂಗಳದಲ್ಲಿ ಒಂದು ಮೀಟರ್ ಕೋಲನ್ನು ನೆಟ್ಟಗೆ ನಿಲ್ಲಿಸುತ್ತೇವೆ. ನೆಟ್ಟಗಿದೆಯಾ ಅಂತ ನೋಡಲು ದಾರಕ್ಕೆ ಕಲ್ಲು ಕಟ್ಟಿದ ತೂಗುಗುಂಡು. ಪ್ರಶ್ನೆ: "ನೆರಳು ಅತಿ ಗಿಡ್ಡ ಆಗುವುದು ಎಷ್ಟು ಗಂಟೆಗೆ?" ತರಗತಿಯೆಲ್ಲ ಒಂದೇ ಧ್ವನಿಯಲ್ಲಿ ಹನ್ನೆರಡಕ್ಕೆ ಅನ್ನುತ್ತದೆ. ಬಿಸಿಯೂಟಕ್ಕೆ ಮೊದಲಿನ ಎರಡು ಪಿರಿಯಡ್ ಕೇಳಿ ಪಡೆದು, ಹನ್ನೊಂದೂವರೆಯಿಂದ ಹತ್ತು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಸುಣ್ಣದಕಡ್ಡಿಯಲ್ಲಿ ಗುರುತು ಹಾಕಿಸುತ್ತೇನೆ. ಹನ್ನೆರಡಾಗುತ್ತದೆ, ನೆರಳು ಇನ್ನೂ ಕಡಿಮೆ ಆಗುತ್ತಲೇ ಇರುತ್ತದೆ. "ಗಡಿಯಾರ ತಪ್ಪಿದೆ ಮಿಸ್!" ಮೊಬೈಲ್ ತೋರಿಸುತ್ತೇನೆ, ತಪ್ಪಿಲ್ಲ. ಆಗಸ್ಟ್‌ನಲ್ಲಿ ಹಾಸನದ ಕಡೆ ಸೂರ್ಯ ಅತಿ ಎತ್ತರಕ್ಕೆ ಬರುವುದು ಹನ್ನೆರಡೂವರೆ ಹೊತ್ತಿಗೆ. ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ಪೂರ್ವ ರೇಖಾಂಶದ ಲೆಕ್ಕದಲ್ಲಿ, ಹಾಸನ ಇರುವುದು ಸುಮಾರು 76 ಡಿಗ್ರಿಯಲ್ಲಿ. ಒಂದು ಡಿಗ್ರಿಗೆ ನಾಲ್ಕು ನಿಮಿಷ. ಲೆಕ್ಕ ಮಾಡಿದರೆ 26 ನಿಮಿಷ ಅಲ್ಲೇ ಸಿಗುತ್ತದೆ. ಉಳಿದ ಮೂರ್ನಾಲ್ಕು ನಿಮಿಷ ವರ್ಷದುದ್ದಕ್ಕೂ ಬದಲಾಗುವಂಥದ್ದು. ನವೆಂಬರ್ ಶುರುವಿನಲ್ಲಿ ಗಿಡ್ಡ ನೆರಳು 12.10ರ ಹತ್ತಿರವೇ ಬರುತ್ತದೆ, ಫೆಬ್ರವರಿ ನಡುವಿನಲ್ಲಿ 12.40ಕ್ಕೆ ಹೋಗುತ್ತದೆ. ಕಾರಣ ಭೂಮಿಯ ಅಕ್ಷದ ಓರೆ ಮತ್ತು ಅದು ಸೂರ್ಯನ ಸುತ್ತ ಸುತ್ತುವ ವೇಗದ ಏರಿಳಿತ. ಎಂಟನೇ ತರಗತಿಯವರಿಗೆ ಇಷ್ಟು ಹೇಳಿ ನಿಲ್ಲಿಸುತ್ತೇನೆ.

ಆಗಸ್ಟ್ 18ರ ಆಸುಪಾಸು ಹಾಸನ, ಬೆಂಗಳೂರಿನ ಅಕ್ಷಾಂಶದಲ್ಲಿ ಶೂನ್ಯ ನೆರಳಿನ ದಿನ, ಅಂದರೆ ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೇ ಬಂದು ಕೋಲಿಗೆ ನೆರಳೇ ಇಲ್ಲದ ದಿನ. ಏಪ್ರಿಲ್ ಕೊನೆಯಲ್ಲೂ ಒಂದು ಬರುತ್ತದೆ, ಆದರೆ ಆಗ ರಜೆ. ಡಿಸೆಂಬರ್ 22ರ ಹೊತ್ತಿಗೆ ಅದೇ ಕೋಲಿನ ನೆರಳು ಮಧ್ಯಾಹ್ನದಲ್ಲೂ 74 ಸೆಂಟಿಮೀಟರ್, ಉತ್ತರಕ್ಕೆ. ಜೂನ್‌ನಲ್ಲಿ 18 ಸೆಂಟಿಮೀಟರ್, ಅದೂ ದಕ್ಷಿಣಕ್ಕೆ! ಮೋಡ ಬಿಟ್ಟುಕೊಟ್ಟ ದಿನ ಇದನ್ನು ಅಳೆದ ಮಕ್ಕಳು ಋತುಗಳ ಪಾಠದ ಚಿತ್ರವನ್ನು ಬೇರೆ ಕಣ್ಣಿನಿಂದ ನೋಡುತ್ತಾರೆ.

ಈ ವರ್ಷ ಕಲಬುರಗಿ ಕಡೆಯ ಶಾಲೆಯಲ್ಲಿರುವ ಗೆಳತಿಯ ಜೊತೆ ಸೇರಿ ಇದನ್ನೇ ಮುಂದುವರಿಸುತ್ತಿದ್ದೇನೆ. ಎರಡೂ ಕಡೆ ಒಂದು ಮೀಟರ್ ಕೋಲು, ಒಂದೇ ದಿನ, ಅತಿ ಗಿಡ್ಡ ನೆರಳಿನ ಅಳತೆ. ನಮ್ಮಲ್ಲಿ ನೆರಳಿಲ್ಲದ ದಿನ ಅಲ್ಲಿ ಏಳೆಂಟು ಸೆಂಟಿಮೀಟರ್ ಬರಬೇಕು. ಅದರಿಂದ ಸಿಗುವ, ಕೋಲಿಗೂ ಬಿಸಿಲಿಗೂ ನಡುವಿನ ಕೋನ ನಾಲ್ಕು ಡಿಗ್ರಿಗಿಂತ ಸ್ವಲ್ಪ ಜಾಸ್ತಿ. ಉತ್ತರ ದಕ್ಷಿಣದ ದೂರ ಭೂಪಟದಲ್ಲಿ ಸುಮಾರು 480 ಕಿಲೋಮೀಟರ್. ಇಷ್ಟಿದ್ದರೆ, ಆ ಕೋನಕ್ಕೆ ಇಷ್ಟು ದೂರವಾದರೆ 360 ಡಿಗ್ರಿಗೆ ಎಷ್ಟು ಅಂತ, ಗ್ರೀಕ್ ವಿದ್ವಾಂಸ ಎರಟೋಸ್ತನೀಸ್ ಎರಡು ಸಾವಿರ ವರ್ಷಕ್ಕೂ ಹಿಂದೆ ಮಾಡಿದ ಹಾಗೆ ಭೂಮಿಯ ಸುತ್ತಳತೆ ಲೆಕ್ಕ ಹಾಕಬಹುದು. ಅವತ್ತು ಮೋಡ ಕವಿದರೂ ತೊಂದರೆ ಇಲ್ಲ. ಎರಡೂ ಊರಿನಲ್ಲಿ ಬಿಸಿಲಿರುವ ಯಾವ ದಿನವಾದರೂ ಆಗುತ್ತದೆ. ಆಗ ಎರಡು ಕೋನಗಳ ವ್ಯತ್ಯಾಸ ತೆಗೆದುಕೊಳ್ಳಬೇಕು, ಅದು ವರ್ಷವಿಡೀ ಒಂದೇ. ನೆರಳು ಯಾವ ದಿಕ್ಕಿಗೆ ಬಿತ್ತು ಅಂತ ಬರೆದುಕೊಳ್ಳಲು ಮರೆಯಬಾರದು. ಒಂದು ಕಡೆ ಉತ್ತರಕ್ಕೆ, ಇನ್ನೊಂದು ಕಡೆ ದಕ್ಷಿಣಕ್ಕೆ ಬಿದ್ದಿದ್ದರೆ ಕಳೆಯುವ ಬದಲು ಕೂಡಬೇಕು. ಕಲಬುರಗಿಯವರು ನಮಗಿಂತ ಮೂರು ನಿಮಿಷ ಮೊದಲು ಅಳೆಯಬೇಕು. ಯಾಕೆ ಮೊದಲು ಅನ್ನುವುದನ್ನು ನಮ್ಮ ಮಕ್ಕಳು ಈಗಾಗಲೇ ಆ ಶಾಲೆಗೆ ಕಾಗದ ಬರೆದು ವಿವರಿಸಿದ್ದಾರೆ.