ಮನುಷ್ಯರ ಜೀನ್ ಒಂದು ಸ್ಟ್ಯಾಟ್ ಮೇಲೆ ಕೆಲಸ ಮಾಡುತ್ತದಾ? ಹಣ್ಣು ನೊಣದಲ್ಲಿ ನೋಡುವುದು ಹೀಗೆ

ರೋಗಿಗಳ ಡೇಟಾದಲ್ಲೋ ಅನೇಕ ಜೀನ್‌ಗಳನ್ನು ಒಟ್ಟಿಗೆ ಸೋಸುವ ಇನ್ಯಾವುದೋ ಸ್ಕ್ರೀನ್‌ನಲ್ಲೋ ನಿಮಗೊಂದು ಜೀನ್ ಸಿಕ್ಕಿದೆ ಅಂತಿಟ್ಟುಕೊಳ್ಳಿ. ಜ್ಯಾಕ್-ಸ್ಟ್ಯಾಟ್ ಅಂದರೆ ಹೊರಗಿನ ಸಂದೇಶವನ್ನು ಜೀವಕೋಶದೊಳಗಿನ ಜೀನ್‌ಗಳಿಗೆ ಮುಟ್ಟಿಸುವ ಪ್ರೋಟೀನ್‌ಗಳ ಸರಪಳಿ. ಆ ಸಿಗ್ನಲನ್ನು ನಿಮ್ಮ ಜೀನ್ ಏರಿಸುತ್ತದೋ ಇಳಿಸುತ್ತದೋ ಗೊತ್ತಾಗಬೇಕು. ನಮ್ಮ ಜೀವಕೋಶದಲ್ಲಿ ಜ್ಯಾಕ್ ನಾಲ್ಕು, ಸ್ಟ್ಯಾಟ್ ಏಳು. ಒಂದನ್ನು ತೆಗೆದರೆ ಇನ್ನೊಂದು ಅದರ ಜಾಗಕ್ಕೆ ಬರಬಹುದು. ನೊಣದಲ್ಲಿ ಈ ತಲೆನೋವಿಲ್ಲ: ಹಾಪ್‌ಸ್ಕಾಚ್ (ಹಾಪ್) ಅನ್ನೋ ಒಂದೇ ಜ್ಯಾಕ್, ಸ್ಟ್ಯಾಟ್92ಇ ಅನ್ನೋ ಒಂದೇ ಸ್ಟ್ಯಾಟ್. ಹೊರಗಿನಿಂದ ಅಪ್‌ಡಿ ಪ್ರೋಟೀನ್ ಬಂದು ಡೋಮ್‌ಲೆಸ್ ರಿಸೆಪ್ಟರಿಗೆ ಕೂರುತ್ತದೆ, ಹಾಪ್ ಎಚ್ಚರಗೊಂಡು ಸ್ಟ್ಯಾಟ್‌ಗೆ ಫಾಸ್ಫೇಟ್ ಅಂಟಿಸುತ್ತದೆ, ಸ್ಟ್ಯಾಟ್ ನ್ಯೂಕ್ಲಿಯಸ್ಸಿಗೆ ಹೋಗಿ ಜೀನ್‌ಗಳನ್ನು ಆನ್ ಮಾಡುತ್ತದೆ. ಹಾಗೆ ಆನ್ ಆಗುವವುಗಳಲ್ಲಿ ಸಾಕ್ಸ್36ಇ ಕೂಡ ಒಂದು, ಅದು ತಿರುಗಿ ಇದೇ ಸಿಗ್ನಲ್ಲಿಗೆ ಬ್ರೇಕ್ ಹಾಕುತ್ತದೆ.

ಮೊದಲು ನಿಮ್ಮ ಜೀನಿಗೆ ನೊಣದಲ್ಲಿರುವ ಜೋಡಿ, ಅಂದರೆ ಅದಕ್ಕೆ ಸಮನಾದ ಜೀನ್, ಹುಡುಕಿ. ಡಯಾಪ್ಟ್ ಅನ್ನೋ ಆನ್‌ಲೈನ್ ಟೂಲಿಗೆ ಹೆಸರು ಕೊಟ್ಟರೆ ಎಷ್ಟು ಪ್ರೋಗ್ರಾಂಗಳು ಈ ಜೋಡಿಯನ್ನು ಒಪ್ಪುತ್ತವೆ ಅಂತ ಸ್ಕೋರ್ ಬರುತ್ತದೆ. ಕೆಲವೊಮ್ಮೆ ನಮ್ಮ ಎರಡು ಜೀನಿಗೆ ಅಲ್ಲಿ ಒಂದೇ ಇರುತ್ತದೆ. ಪಿಟಿಪಿಎನ್1 ಮತ್ತು ಪಿಟಿಪಿಎನ್2 ಎರಡಕ್ಕೂ ಸಿಗುವ ಜೋಡಿ ಪಿಟಿಪಿ61ಎಫ್, ಅದು ಈ ದಾರಿಯ ಇನ್ನೊಂದು ಬ್ರೇಕ್. ಆಮೇಲೆ ಫ್ಲೈಬೇಸ್ ಅನ್ನೋ ನೊಣದ ಜೀನ್‌ಗಳ ಡೇಟಾಬೇಸ್‌ನಲ್ಲಿ ಆ ಜೀನಿನ ಪುಟ ಪೂರ್ತಿ ಓದಿ. ಅರ್ಧ ಕೆಲಸ ಯಾರೋ ಆಗಲೇ ಮಾಡಿರುತ್ತಾರೆ.

ಜೀನನ್ನು ಇಳಿಸಲು ಆರ್‌ಎನ್‌ಎಐ ಬೇಕು, ಅದು ಆ ಜೀನಿನ ಆರ್‌ಎನ್‌ಎಯನ್ನು ನಾಶಮಾಡಿ ಅದರ ಕೆಲಸ ತಗ್ಗಿಸುತ್ತದೆ. ಅದನ್ನು ಹೊತ್ತ ನೊಣದ ತಳಿಗಳು, ಅಂದರೆ ಆರ್‌ಎನ್‌ಎಐ ಲೈನ್‌ಗಳು, ಬ್ಲೂಮಿಂಗ್ಟನ್, ವಿಯೆನ್ನಾ ಸ್ಟಾಕ್ ಸೆಂಟರ್‌ಗಳಲ್ಲಿ ಸಿಗುತ್ತವೆ. ಬೆಂಗಳೂರಿನ ಸಿ-ಕ್ಯಾಂಪ್‌ನಲ್ಲೂ ನೊಣಗಳ ಫೆಸಿಲಿಟಿ ಇದೆ. ಒಂದೇ ಲೈನ್ ತರಿಸಬೇಡಿ. ಜೀನಿನ ಬೇರೆ ಬೇರೆ ಭಾಗಕ್ಕೆ ಹೊಡೆಯುವ ಎರಡಾದರೂ ಇರಲಿ, ಎರಡೂ ಒಂದೇ ಮಾತು ಹೇಳಿದರೆ ಮಾತ್ರ ಮುಂದೆ ಹೋಗಿ.

ಎರಡು ತಳಿ ಕೂಡಿಸುವ ಕ್ರಾಸ್‌ಗೆ ವರ್ಜಿನ್, ಅಂದರೆ ಇನ್ನೂ ಗಂಡಿನ ಜೊತೆ ಕೂಡದ ಹೆಣ್ಣು ಬೇಕು. 25 ಡಿಗ್ರಿಯಲ್ಲಿ ಪ್ಯೂಪಾದಿಂದ ಹೊರಬಂದ ಹೆಣ್ಣು ಸುಮಾರು 8 ಗಂಟೆ ಗಂಡನ್ನು ಹತ್ತಿರ ಸೇರಿಸುವುದಿಲ್ಲ. ತೀರಾ ಹೊಸ ನೊಣ ಬಿಳಿಚಿಕೊಂಡಿರುತ್ತದೆ, ಹೊಟ್ಟೆಯ ಚರ್ಮದೊಳಗಿಂದ ಕಪ್ಪು ಚುಕ್ಕೆ ಕಾಣುತ್ತದೆ. ಆ ಚುಕ್ಕೆ ಇದ್ದರೆ ಕಣ್ಮುಚ್ಚಿ ಎತ್ತಿಕೊಳ್ಳಿ.

ಇನ್ನು ಕಣ್ಣಿನ ಪರೀಕ್ಷೆ. ಜಿಎಂಆರ್ ಅನ್ನೋ ಪ್ರೊಮೋಟರ್ (ಜೀನನ್ನು ಆನ್ ಮಾಡುವ ಡಿಎನ್‌ಎ ಸ್ವಿಚ್) ಬಳಸಿ ಕಣ್ಣಿನಲ್ಲಿ ಅಪ್‌ಡಿ ಜಾಸ್ತಿ ಮಾಡಿದರೆ ಕಣ್ಣು ಊದಿಕೊಂಡಷ್ಟು ದೊಡ್ಡದಾಗುತ್ತದೆ, ಸ್ಟ್ಯಾಟ್92ಇಯ ಒಂದು ಪ್ರತಿ ಕಡಿಮೆಯಾದರೂ ಸಾಕು, ಅದು ಮತ್ತೆ ಚಿಕ್ಕದಾಗುತ್ತದೆ. ಈ ನೊಣದಲ್ಲಿ ನಿಮ್ಮ ಜೀನನ್ನೂ ಇಳಿಸಿ ಕಣ್ಣು ಯಾವ ಕಡೆ ಹೋಗುತ್ತದೆ ನೋಡಿ. ಆದರೆ ಎಡವುವುದೂ ಇಲ್ಲೇ. ಗ್ಯಾಲ್4 ಅನ್ನೋ ಪ್ರೋಟೀನ್ ಯುಎಎಸ್ ಅನ್ನೋ ಡಿಎನ್‌ಎ ತುಂಡಿಗೆ ಕೂತು ಅದರ ಪಕ್ಕದ ಜೀನನ್ನು ಆನ್ ಮಾಡುತ್ತದೆ. ಅಪ್‌ಡಿ ಮತ್ತು ಆರ್‌ಎನ್‌ಎಐ ಎರಡನ್ನೂ ಅದೇ ಗ್ಯಾಲ್4 ನಡೆಸುತ್ತಿದ್ದರೆ, ಇರುವಷ್ಟೇ ಗ್ಯಾಲ್4 ಎರಡು ಯುಎಎಸ್‌ಗೆ ಹಂಚಿಹೋಗಿ, ನಿಮ್ಮ ಜೀನಿಗೆ ಏನೂ ಸಂಬಂಧ ಇಲ್ಲದೆಯೇ ಕಣ್ಣು ಚಿಕ್ಕದಾಗಬಹುದು. ಹಾಗಾಗಿ ಕಂಟ್ರೋಲ್‌ನಲ್ಲೂ (ಹೋಲಿಕೆಗೆ ಇಟ್ಟ ನೊಣದಲ್ಲೂ) ಸಂಬಂಧವಿಲ್ಲದ ಒಂದು ಯುಎಎಸ್ ಸೇರಿಸಿ. ಗ್ಯಾಲ್4 ಬಿಸಿಯಲ್ಲಿ ಜೋರು, 18ರಲ್ಲಿ ಮಂದ. 29 ಡಿಗ್ರಿಯಲ್ಲಿ ಜಿಎಂಆರ್-ಗ್ಯಾಲ್4 ತಾನೇ ಕಣ್ಣನ್ನು ಒರಟು ಮಾಡಬಲ್ಲದು, ಕಂಟ್ರೋಲ್ ಅದೇ ಟ್ರೇಯಲ್ಲಿ, ಅದೇ ತಾಪಮಾನದಲ್ಲಿ ಬೆಳೆಯಲಿ.

ಕಣ್ಣು ಚಿಕ್ಕದಾಯ್ತು ಅಂದ ಮಾತ್ರಕ್ಕೆ ಸ್ಟ್ಯಾಟ್ ಇಳಿಯಿತು ಅಂತಲ್ಲ. ಜೀವಕೋಶ ಸುಮ್ನೆ ಸತ್ತರೂ ಕಣ್ಣು ಚಿಕ್ಕದಾಗುತ್ತದೆ, ಅಲ್ವಾ? ಅದಕ್ಕೇ ಸ್ಟ್ಯಾಟ್ ಕೆಲಸ ಮಾಡಿದಾಗ ಹಸಿರಾಗಿ ಹೊಳೆಯುವ 10ಎಕ್ಸ್‌ಸ್ಟ್ಯಾಟ್-ಜಿಎಫ್‌ಪಿ ರಿಪೋರ್ಟರ್ ನೊಣದಲ್ಲಿ ಹಸಿರು ಹೊಳಪು ನೋಡಿ, ಜೊತೆಗೆ ಜೀನ್ ಎಷ್ಟು ಆನ್ ಆಗಿದೆ ಅಂತ ಹೇಳುವ ಕ್ಯುಪಿಸಿಆರ್‌ನಲ್ಲಿ ಸಾಕ್ಸ್36ಇ ಅಳೆಯಿರಿ. ನನಗಂತೂ ಇವೆರಡಿಲ್ಲದ ಬರೀ ಕಣ್ಣಿನ ಫೋಟೋ ಮೇಲೆ ನಂಬಿಕೆಯಿಲ್ಲ.

ಈ ಸಿಗ್ನಲ್ ದಾರಿಯಲ್ಲಿ ನಿಮ್ಮ ಜೀನ್ ಎಲ್ಲಿ ಕೆಲಸ ಮಾಡುತ್ತದೆ ಅಂತ ತಿಳಿಯಲು ಹಾಪ್ ಟಮ್-ಎಲ್ ಮ್ಯೂಟೆಂಟ್ ತನ್ನಿ. ಅದರಲ್ಲಿ ಹಾಪ್ ಅತಿಯಾಗಿ ಕೆಲಸ ಮಾಡುತ್ತದೆ, ರಕ್ತಕಣ ಮಿತಿಮೀರಿ ಬೆಳೆದು ಮೈಯೊಳಗೆ ಕಪ್ಪು ಗಂಟುಗಳು ಕಾಣಿಸುತ್ತವೆ. 2005ರಲ್ಲಿ ಮನುಷ್ಯರ ಜ್ಯಾಕ್2ನಲ್ಲಿ ಸಿಕ್ಕ ವಿ617ಎಫ್ ಬದಲಾವಣೆಯೂ ಇದರ ಸಂಬಂಧಿಯೇ: ಪಾಲಿಸೈಥೀಮಿಯಾ ವೆರಾ ಅನ್ನೋ ರಕ್ತದ ಕಾಯಿಲೆಯಲ್ಲಿ ಕೆಂಪು ರಕ್ತಕಣ ಏರುವುದಕ್ಕೆ ಮುಖ್ಯ ಕಾರಣ ಅದು. ಈಗ ಎಚ್‌ಎಂಎಲ್-ಗ್ಯಾಲ್4 ಇಟ್ಟು ರಕ್ತಕಣದಲ್ಲಿ ನಿಮ್ಮ ಜೀನ್ ಇಳಿಸಿ. ಗಂಟುಗಳು ಕಡಿಮೆಯಾದರೆ ಆ ಜೀನ್ ಹಾಪ್ ಹತ್ತಿರವೋ ಅದರ ಕೆಳಗೋ ಇರಬೇಕು. ಜೀನ್ ಇಳಿಸಿದಾಗ ಅಪ್‌ಡಿಯಿಂದ ದೊಡ್ಡದಾದ ಕಣ್ಣು ಚಿಕ್ಕದಾಗಿಯೂ ಗಂಟಿನ ಮೇಲೆ ಏನೂ ಪರಿಣಾಮವಿಲ್ಲದಿದ್ದರೆ ರಿಸೆಪ್ಟರ್ ಕಡೆ ಹುಡುಕಿ, ಆದರೆ ಕಣ್ಣು, ರಕ್ತ ಬೇರೆ ಬೇರೆ ಅಂಗಾಂಶ ಅನ್ನೋದು ನೆನಪಿರಲಿ. ಜೀನ್ ಬ್ರೇಕ್ ಥರದ್ದಾದರೆ ಲೆಕ್ಕ ಉಲ್ಟಾ: ಅದನ್ನೂ ಡೋಮ್‌ಲೆಸ್ಸನ್ನೂ ಒಟ್ಟಿಗೆ ಇಳಿಸಿ, ಹಸಿರು ಹೊಳಪು ಆಗಲೂ ಜಾಸ್ತಿಯೇ ಉಳಿದರೆ ಬ್ರೇಕ್ ರಿಸೆಪ್ಟರಿನ ಕೆಳಗಿದೆ.

ಕೊನೆಗೆ ನೊಣದ ಜೀನ್ ಇಳಿಸಿದ ಜಾಗದಲ್ಲಿ ಮನುಷ್ಯರ ಸಿಡಿಎನ್‌ಎ (ಜೀನಿನ ಆರ್‌ಎನ್‌ಎಯಿಂದ ಮಾಡಿದ ಡಿಎನ್‌ಎ ಪ್ರತಿ) ಹಾಕಿ. ಕೆಟ್ಟದ್ದು ಸರಿಹೋದರೆ ರೋಗಿಯಲ್ಲಿ ಕಂಡ ಬದಲಾವಣೆ ಇರುವ ಸಿಡಿಎನ್‌ಎಯನ್ನೂ ಪಕ್ಕದಲ್ಲೇ ಹಾಕಿ ಹೋಲಿಸಿ. ನೊಣಕ್ಕೆ ಇಂಟರ್‌ಫೆರಾನ್ (ವೈರಸ್ ಬಂದಾಗ ಜೀವಕೋಶಗಳನ್ನು ಎಚ್ಚರಿಸುವ ಪ್ರೋಟೀನ್) ಇಲ್ಲ, ಹಾಗಾಗಿ ನಿಮ್ಮ ಪ್ರಶ್ನೆ ಇಂಟರ್‌ಫೆರಾನ್ ಮತ್ತು ಸ್ಟ್ಯಾಟ್1 ಬಗ್ಗೆ ಆಗಿದ್ದರೆ ಇಷ್ಟೆಲ್ಲಾ ಕ್ರಾಸ್ ಹಾಕಬೇಡಿ, ಮನುಷ್ಯರ ಜೀವಕೋಶದಲ್ಲೇ ಮಾಡಿ.