ನನ್ನ ಓದಿಗೆ ತಕ್ಕ ಸತ್ಯವೇದವನ್ನು ಆರಿಸಿಕೊಂಡ ಬಗೆ

ಸತ್ಯವೇದವನ್ನು, ಅಂದರೆ ಬೈಬಲನ್ನು, ಕೊಳ್ಳುವವರು ಸಾಮಾನ್ಯವಾಗಿ ಮೊದಲು ವಿಚಾರಿಸುವುದು ಅನುವಾದದ ವಿಷಯವನ್ನು. ಅದು ತಕ್ಕ ಪ್ರಶ್ನೆಯೇ. ಆದರೆ ಅನುವಾದ ಗೊತ್ತಾದ ಮೇಲೂ ಅದೇ ಪಠ್ಯ ಹಲವು ರೂಪಗಳಲ್ಲಿ ಸಿಗುತ್ತದೆ; ಪುಸ್ತಕ ದಿನವೂ ಕೈಗೆ ಬರುವುದೋ ಕಪಾಟಿನಲ್ಲೇ ಉಳಿಯುವುದೋ ಎಂಬುದು ಬಹುಮಟ್ಟಿಗೆ ಆ ರೂಪವನ್ನೇ ಅವಲಂಬಿಸಿದೆ. ಆದ್ದರಿಂದ ಹೊಸ ಪ್ರತಿಗಳನ್ನು ನೋಡಲು ಹೋಗುವ ಮುನ್ನ ನಾನು ನನ್ನ ಓದನ್ನೇ ಕೆಲವು ಕಾಲ ಗಮನಿಸಿದೆ: ಯಾವ ಹೊತ್ತಿನಲ್ಲಿ ಓದುತ್ತೇನೆ, ಎಷ್ಟು ಹೊತ್ತು ಕೂರುತ್ತೇನೆ, ಕೈಯಲ್ಲಿ ಪೆನ್ಸಿಲ್ ಇರುತ್ತದೆಯೋ ಇಲ್ಲವೋ.

ನನ್ನ ಓದು ಎರಡು ಬಗೆಯದು. ಬೆಳಗಿನ ಹೊತ್ತು ಒಂದು ಸುವಾರ್ತೆಯನ್ನೋ ಪ್ರವಾದಿಯ ಗ್ರಂಥವನ್ನೋ ಹಿಡಿದರೆ ಅಧ್ಯಾಯದ ಮೇಲೆ ಅಧ್ಯಾಯ ಓದುತ್ತಾ ಹೋಗುತ್ತೇನೆ. ರಾತ್ರಿ ಹತ್ತಿಪ್ಪತ್ತು ವಚನಗಳ ಒಂದು ಭಾಗವನ್ನು ಮಾತ್ರ ತೆಗೆದುಕೊಂಡು, ಹಿಂದುಮುಂದಿನ ಪುಟಗಳನ್ನು ತಿರುವಿ, ಟಿಪ್ಪಣಿ ಬರೆದುಕೊಳ್ಳುತ್ತೇನೆ. ಒಂದೇ ಪ್ರತಿ ಎರಡಕ್ಕೂ ಒದಗಲಿ ಎಂಬ ಹಟವನ್ನು ಬಿಟ್ಟ ಮೇಲೆ ಆಯ್ಕೆ ಸುಲಭವಾಯಿತು.

ಬೆಳಗಿನ ಓದಿಗೆ ನಾನು ಮುಖ್ಯವಾಗಿ ಪರೀಕ್ಷಿಸಿದ್ದು ಪುಟದ ವಿನ್ಯಾಸವನ್ನು. ಪ್ರತಿ ವಚನವನ್ನೂ ಹೊಸ ಸಾಲಿನಿಂದ ಆರಂಭಿಸುವ ಪ್ರತಿಗಳು ಸಭೆಯಲ್ಲಿ ವಚನವನ್ನು ಬೇಗನೆ ಹುಡುಕಿ ಓದಲು ಅನುಕೂಲ. ಆದರೆ ದೀರ್ಘ ಓದಿನಲ್ಲಿ ಅವು ಪ್ರತಿ ಹೆಜ್ಜೆಗೂ ನಿಲ್ಲಿಸುತ್ತವೆ. ಎಫೆಸದವರಿಗೆ ಬರೆದ ಪತ್ರಿಕೆಯ ಮೊದಲನೆಯ ಅಧ್ಯಾಯದಲ್ಲಿ 3ರಿಂದ 14ರವರೆಗಿನ ವಚನಗಳು ಗ್ರೀಕ್ ಮೂಲದಲ್ಲಿ ಒಂದೇ ವಾಕ್ಯವಾಗಿ ಹರಿಯುತ್ತವೆ. ಅದನ್ನು ಹನ್ನೆರಡು ತುಂಡುಗಳಾಗಿ ನೋಡುವುದಕ್ಕೂ ಒಂದೇ ಪ್ಯಾರಾದಲ್ಲಿ ಓದುವುದಕ್ಕೂ ಇರುವ ವ್ಯತ್ಯಾಸ ನನಗೆ ಎರಡು ಪ್ರತಿಗಳನ್ನು ಅಕ್ಕಪಕ್ಕದಲ್ಲಿ ತೆರೆದಿಟ್ಟಾಗ ತಿಳಿಯಿತು. ಅಧ್ಯಾಯಗಳ ವಿಷಯವೂ ಹಾಗೆಯೇ. ಇಂದಿನ ಅಧ್ಯಾಯ ವಿಂಗಡಣೆ 13ನೆಯ ಶತಮಾನದ ಆರಂಭದ ಇಂಗ್ಲೆಂಡಿನ ಧರ್ಮಗುರು ಸ್ಟೀಫನ್ ಲ್ಯಾಂಗ್ಟನ್ ಅವರದೆಂದು ಹೇಳಲಾಗುತ್ತದೆ. ಹೊಸ ಒಡಂಬಡಿಕೆಯ ವಚನಸಂಖ್ಯೆಗಳು ಮುದ್ರಕ ರಾಬರ್ಟ್ ಎಸ್ಟಿಯೆನ್ 1551ರಲ್ಲಿ ಹೊರತಂದ ಗ್ರೀಕ್ ಪ್ರತಿಯಿಂದ ಬಂದವು. ಯೆಶಾಯನ ಗ್ರಂಥದಲ್ಲಿ ಬಾಧೆಪಡುವ ಸೇವಕನ ಕಾವ್ಯ 52ನೆಯ ಅಧ್ಯಾಯದ 13ನೆಯ ವಚನದಲ್ಲೇ ಆರಂಭವಾಗುತ್ತದೆ. ದಪ್ಪ ಅಕ್ಷರದ 53 ಎಂಬ ಸಂಖ್ಯೆ ಅದನ್ನು ನಡುವೆ ಕಡಿಯುತ್ತದೆ. ಸಂಖ್ಯೆಗಳನ್ನು ಸಣ್ಣದಾಗಿ ಅಚ್ಚು ಹಾಕಿದ, ಪ್ಯಾರಾಗಳಲ್ಲಿ ಸಾಗುವ, ಒಂದೇ ಕಾಲಮ್ಮಿನ ಪ್ರತಿಯನ್ನು ನಾನು ಬೆಳಗಿನ ಓದಿಗೆ ಆರಿಸಿಕೊಂಡದ್ದು ಇದೇ ಕಾರಣಕ್ಕೆ. ಆದರೆ ಕಾವ್ಯಭಾಗಗಳನ್ನು ಪ್ಯಾರಾಗಳಲ್ಲಿ ತುರುಕಿದ ಪ್ರತಿಯನ್ನು ಮಾತ್ರ ನಾನು ಒಪ್ಪಲಾರೆ. 136ನೆಯ ಕೀರ್ತನೆಯ 26 ವಚನಗಳಲ್ಲಿಯೂ ಮರಳಿ ಮರಳಿ ಬರುವ ಪಲ್ಲವಿ ಸಾಲಾಗಿ ಕಾಣಿಸದೆ ಹೋದರೆ, ಅದು ಹಾಡೆಂಬುದೇ ಮರೆತುಹೋಗುತ್ತದೆ.

ಅಕ್ಷರದ ಗಾತ್ರವನ್ನು ಪಾಯಿಂಟ್ ಲೆಕ್ಕದಲ್ಲಿ ಮಾತ್ರ ನೋಡಿದರೆ ಸಾಲದು. ಕನ್ನಡದಲ್ಲಿ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ, ಸಾಲುಗಳ ನಡುವೆ ಅಂತರ ಕಡಿಮೆಯಾದರೆ ಒಂದು ಸಾಲಿನ ಒತ್ತು ಮುಂದಿನ ಸಾಲಿನ ಗುಡಿಸಿಗೆ ತಗುಲಿದಂತೆ ಕಾಣುತ್ತದೆ. ಸ್ವಲ್ಪ ಸಣ್ಣ ಅಕ್ಷರವಾದರೂ ಸಾಲುಗಳು ಬಿಡಿಬಿಡಿಯಾಗಿರುವ ಪುಟ ನನ್ನ ಕಣ್ಣಿಗೆ ಹೆಚ್ಚು ಹಿತ.

ಟಿಪ್ಪಣಿ ಬರೆಯುವ ಪ್ರತಿಯಲ್ಲಿ ಮಾತು ಕಾಗದದ ಕಡೆಗೆ ತಿರುಗುತ್ತದೆ. ಅರವತ್ತಾರು ಪುಸ್ತಕಗಳನ್ನು ಒಂದೇ ರಟ್ಟಿನೊಳಗೆ ಅಡಕಮಾಡಬೇಕಾದ್ದರಿಂದ ಸತ್ಯವೇದದ ಕಾಗದ ಬಹಳ ತೆಳುವಾಗಿರುತ್ತದೆ. ಹಿಂಬದಿಯ ಅಚ್ಚು ಮುಂಬದಿಯಲ್ಲಿ ಮಸುಕಾಗಿ ಕಾಣುವುದು ಸಹಜ. ಒಂದು ಹಾಳೆಯನ್ನು ಮೇಲಕ್ಕೆತ್ತಿ ದೀಪಕ್ಕೆ ಹಿಡಿದು ನೋಡಿದರೆ ಕೆಲಸದ ಗುಣ ಗೊತ್ತಾಗುತ್ತದೆ: ಎಚ್ಚರಿಕೆಯಿಂದ ಮುದ್ರಿಸಿದ ಪ್ರತಿಯಲ್ಲಿ ಎರಡೂ ಬದಿಯ ಸಾಲುಗಳು ಒಂದರ ಬೆನ್ನಿಗೆ ಒಂದು ಕೂರುತ್ತವೆ, ಸಾಲುಗಳ ನಡುವಿನ ಜಾಗ ಬೆಳ್ಳಗೇ ಉಳಿಯುತ್ತದೆ. ಅಂಚು ಅಗಲವಾಗಿರಬೇಕು, ಬರೆಯಲು ಪೆನ್ಸಿಲ್ ಸಾಕು, ಜೆಲ್ ಪೆನ್ನಿನ ಶಾಯಿ ಹಾಳೆಯ ಆಚೆಗೆ ಇಳಿಯುತ್ತದೆ. ಆದಿಕಾಂಡದ ಮೊದಲನೆಯ ಪುಟವನ್ನು ತೆರೆದು ಮೇಜಿನ ಮೇಲೆ ಬಿಟ್ಟರೆ ಪುಸ್ತಕ ತಾನಾಗಿ ಮುಚ್ಚಿಕೊಳ್ಳಬಾರದು. ಹೊಲಿಗೆಯ ಬೈಂಡಿಂಗ್ ಆದರೆ ಬಳಸಿದಂತೆ ಸಡಿಲವಾಗುತ್ತದೆ. ಬರೀ ಅಂಟಿನದಾದರೆ ಬೆನ್ನು ಬಿರಿಯುತ್ತದೆ.

ವ್ಯಾಖ್ಯಾನವಿರುವ ಅಧ್ಯಯನ ಆವೃತ್ತಿ ನನ್ನಲ್ಲೂ ಒಂದಿದೆ. ಆದರೆ ಪುಟದ ಕೆಳಗೆ ಉತ್ತರ ಸಿದ್ಧವಾಗಿದ್ದರೆ ಕಣ್ಣು ಪಠ್ಯಕ್ಕಿಂತ ಮೊದಲು ಅಲ್ಲಿಗೇ ಇಳಿಯುವುದರಿಂದ, ನನ್ನ ಪ್ರಶ್ನೆಗಳನ್ನು ಬರೆದುಕೊಂಡ ಮೇಲಷ್ಟೇ ಅದನ್ನು ತೆರೆಯುತ್ತೇನೆ. ದಿನಾಂಕವಾರು ಜೋಡಿಸಿದ ವಾರ್ಷಿಕ ಆವೃತ್ತಿ ನನಗೆ ಒಗ್ಗಲಿಲ್ಲ. 1,189 ಅಧ್ಯಾಯಗಳನ್ನು ವರ್ಷದಲ್ಲಿ ಮುಗಿಸಲು ದಿನಕ್ಕೆ ಮೂರೋ ನಾಲ್ಕೋ ಅಧ್ಯಾಯ ಸಾಕು. ಅಷ್ಟಕ್ಕೆ ಒಂದು ಚೀಟಿ ಇದ್ದರೆ ಆಯಿತು.

ಫೋನಿನ ಆ್ಯಪನ್ನು ಪದ ಹುಡುಕಲು ಮತ್ತು ಅನುವಾದಗಳನ್ನು ಹೋಲಿಸಲು ಮಾತ್ರ ಬಳಸುತ್ತೇನೆ. ಕೇಳುವ ಸತ್ಯವೇದವನ್ನು ಮಾತ್ರ ಹಗುರವಾಗಿ ಎಣಿಸಬಾರದು. ಪತ್ರಿಕೆಯನ್ನು ಸಭೆಯಲ್ಲಿ ಓದಿಸಬೇಕೆಂದು ಕೊಲೊಸ್ಸೆಯವರಿಗೆ ಬರೆದ ಪತ್ರಿಕೆಯ ಕೊನೆಯಲ್ಲಿಯೇ ಹೇಳಿದೆ. ಮೊದಲ ಕಾಲದ ಬಹುಪಾಲು ವಿಶ್ವಾಸಿಗಳಿಗೆ ಅದು ಕಿವಿಯಿಂದಲೇ ತಲುಪಿತು. ಮಾರ್ಕನ ಸುವಾರ್ತೆಯನ್ನು ಸುಮಾರು ಒಂದೂವರೆ ಗಂಟೆಯಲ್ಲಿ ಒಂದೇ ಸಲಕ್ಕೆ ಕೇಳಬಹುದು, ನಡೆಯುವಾಗಲೋ ಕೈಕೆಲಸದ ನಡುವೆಯೋ. ಆದರೆ ಹೆಸರುಗಳ ಪಟ್ಟಿಗಳು ತುಂಬಿದ ಪೂರ್ವಕಾಲವೃತ್ತಾಂತದಂತಹ ಭಾಗಗಳು ಕಿವಿಯಲ್ಲಿ ನಿಲ್ಲುವುದಿಲ್ಲ. ಅವುಗಳಿಗೆ ನಾನು ಅಗಲ ಅಂಚಿನ ಪ್ರತಿಗೇ ಮರಳುತ್ತೇನೆ.